ವೃತ್ತಿಯೂ ವ್ರತವೂ: ಫ. ಗು. ಹಳಕಟ್ಟಿ

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಉಚ್ಚ ಶಿಕ್ಷಣಕ್ಕೆಂದು ಮುಂಬಯಿಗೆ ಹೋದ ಫಕೀರಪ್ಪನವರಿಗೆ ಅಲ್ಲಿ ಆಲೂರ ವೆಂಕಟರಾಯರ ಸಹವಾಸ ದೊರೆಯಿತು. ಮರಾಠಿ, ಗುಜರಾತಿ ಭಾಷಿಕರು ತಮ್ಮ ನುಡಿಗಾಗಿ ಮಾಡುತ್ತಿದ್ದ ಕೆಲಸವನ್ನು ಕಂಡಾಗ ಕನ್ನಡದ ಕೊರತೆ ಅವರ ಮನಸ್ಸಿಗೆ ನಾಟಿತು. 1904ರಲ್ಲಿ ಕಾಯದೆ ಪದವಿ ಪಡೆದು, ಕೆಲಕಾಲ ಬೆಳಗಾವಿಯಲ್ಲಿದ್ದು, ಬಳಿಕ ವಿಜಾಪುರದಲ್ಲಿ ವಕೀಲಿಯನ್ನು ಆರಂಭಿಸಿದರು. ಮುಂದೆ ಸರಕಾರಿ ವಕೀಲರೂ ಆದರು.

ಆ ಕಾಲದಲ್ಲಿ ವಕೀಲಿಯು ಹಣ, ಮನ್ನಣೆ ಎರಡನ್ನೂ ತರುವ ವೃತ್ತಿಯಾಗಿತ್ತು. ಹಳಕಟ್ಟಿಯವರು ಅದನ್ನು ಧಿಕ್ಕರಿಸಲಿಲ್ಲ. ಅದು ಕಲಿಸಿದ ಶಿಸ್ತನ್ನು ಬೇರೊಂದು ಕಾರ್ಯಕ್ಕೆ ತಿರುಗಿಸಿದರು. ಸಾಕ್ಷ್ಯವನ್ನು ಹುಡುಕುವುದು, ಕಾಗದಪತ್ರಗಳನ್ನು ಪರಸ್ಪರ ತಾಳೆ ನೋಡುವುದು, ದೊರೆತುದನ್ನು ಕ್ರಮವಾಗಿ ಜೋಡಿಸುವುದು ವಕೀಲನ ನಿತ್ಯದ ಕೆಲಸ. ಮಠಗಳಲ್ಲಿಯೂ ಹಳೆಯ ಮನೆತನಗಳಲ್ಲಿಯೂ ಪೂಜೆಗೊಂಡು, ಓದುವವರಿಲ್ಲದೆ ಉಳಿದಿದ್ದ ತಾಡವೋಲೆಗಳ ಮುಂದೆ ಅವರು ಇದನ್ನೇ ಮಾಡಿದರು. ಅಲ್ಲಿಯವರೆಗೆ ಸುಮಾರು 50 ವಚನಕಾರರ ಹೆಸರುಗಳಷ್ಟೇ ತಿಳಿದಿದ್ದವು. ಅವರ ಶೋಧದಿಂದ ಆ ಸಂಖ್ಯೆ 250ರ ಸಮೀಪಕ್ಕೆ ಏರಿತು.

ಸಂಗ್ರಹಿಸಿದುದನ್ನು ಅಚ್ಚು ಹಾಕಿಸುವುದು ಸುಲಭವಾಗಿರಲಿಲ್ಲ. ಮಂಗಳೂರಿಗೆ ಕಳುಹಿಸಿದ ಹಸ್ತಪ್ರತಿ ಅಚ್ಚಾಗದೆ ಮರಳಿತು. ಕೊನೆಗೆ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಗಾವಿಯಲ್ಲಿ ಮುದ್ರಣಗೊಂಡಿತು. ಅದರಲ್ಲಿ ವಚನಗಳು ವಚನಕಾರರ ಕ್ರಮದಲ್ಲಿಲ್ಲ, ವಿಷಯಗಳ ಕ್ರಮದಲ್ಲಿವೆ. ಚದುರಿದ ನುಡಿಗಳಲ್ಲಿ ಒಂದು ಶಾಸ್ತ್ರವನ್ನು ಕಾಣುವ ಈ ದೃಷ್ಟಿಯಲ್ಲಿ ಕಾಯದೆ ಓದಿದ ಮನಸ್ಸಿನ ಮುದ್ರೆಯಿದೆ. ಒಬ್ಬೊಬ್ಬ ವಚನಕಾರನ ಪ್ರತ್ಯೇಕ ದನಿ ಇದರಿಂದ ಮಸುಕಾಗುತ್ತದೆ ಎಂಬುದೂ ನಿಜ. ಮನುಷ್ಯನ ಸ್ವಭಾವವು ಅವನ ಕೆಲಸಕ್ಕೆ ಬಲವನ್ನೂ ಮಿತಿಯನ್ನೂ ಒಟ್ಟಿಗೇ ಕೊಡುತ್ತದೆ.

ಪರರ ಮುದ್ರಣಾಲಯವನ್ನು ನೆಚ್ಚಿ ಕುಳಿತರೆ ಕಾರ್ಯ ಸಾಗದೆಂದು ಅರಿತ ಅವರು ತಮ್ಮ ಮನೆಯನ್ನು ಮಾರಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಹೊರಡಿಸಿದರು. ವಕೀಲಿಯ ಗಳಿಕೆ ಅಚ್ಚಿನ ಮೊಳೆಗೂ ಕಾಗದಕ್ಕೂ ಹೋಯಿತು. ಬಾಡಿಗೆಯ ಮನೆ, ಓಡಾಟಕ್ಕೊಂದು ಸೈಕಲ್ಲು, ಬೆನ್ನು ಬಿಡದ ಸಾಲ ಉಳಿದವು. ಈ ವ್ರತದ ಭಾರವನ್ನು ಅವರ ಕುಟುಂಬವೂ ಹೊರಬೇಕಾಯಿತು.

ಅವರ ದುಡಿಮೆ ಗ್ರಂಥಗಳಿಗಷ್ಟೇ ಸೀಮಿತವಾಗಿರಲಿಲ್ಲ. 1910ರಲ್ಲಿ ವಿಜಾಪುರದ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಹುಟ್ಟಿಗೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಅವರು ಕಾರಣರಾದರು. ಬ್ಯಾಂಕು ಕಟ್ಟಿದವರು ತಾವು ಮಾತ್ರ ಸಾಲಗಾರರಾಗಿ ಉಳಿದರು. ಸಾರ್ವಜನಿಕ ಹಣ ಮತ್ತು ಸ್ವಂತದ ಅಗತ್ಯ ಇವೆರಡರ ನಡುವಿನ ಗೆರೆಯನ್ನು ಅವರು ಅಳಿಸಲಿಲ್ಲ.

1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು ಅವರನ್ನು ಅರಸಿ ಬಂದವು. 1964ರಲ್ಲಿ ಅವರು ನಿಧನರಾದರು. ಕಾಯಕದ ನುಡಿಗಳನ್ನು ಸಂಪಾದಿಸಿದವರು ಅನೇಕರು. ಅವುಗಳನ್ನು ಸಂಪಾದಿಸುವ ಕೆಲಸವನ್ನೇ ಕಾಯಕವಾಗಿಸಿಕೊಂಡವರು ಹಳಕಟ್ಟಿಯವರು. ಇಂದು ತರಗತಿಯಲ್ಲಿ ತೆರೆಯುವ ಪ್ರತಿಯೊಂದು ವಚನಸಂಪುಟದ ಹಿಂದೆ ಮಾರಿಹೋದ ಆ ಮನೆಯ ಋಣವಿದೆ.