ಭಾರತದ ಕಬ್ಬಿಗೆ ಸಿಹಿ ತಂದವರು ಜಾನಕಿ ಅಮ್ಮಾಳ್ ಅವರೇ? ಫಾರ್ವರ್ಡ್ ಹೇಳದ ಕಥೆ ಇಲ್ಲಿದೆ

ಭಾರತದಲ್ಲಿ ಮೊದಲು ಸಿಹಿ ಕಬ್ಬೇ ಇರಲಿಲ್ಲ, ಅದಕ್ಕೆ ಸಿಹಿ ಕೊಟ್ಟವರು ಜಾನಕಿ ಅಮ್ಮಾಳ್ ಎಂಬ ವಿಜ್ಞಾನಿ. ಈ ಅರ್ಥದ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಹಂಚಿಕೊಳ್ಳುವ ಮೊದಲು ಇದನ್ನೊಮ್ಮೆ ಓದಿ. ವಿಜ್ಞಾನಿ ನಿಜ, ಸಾಧನೆಯೂ ನಿಜ. ಆದರೆ ಸಾಧನೆ ಬೇರೆಯದು.

ಜಾನಕಿ ಅಮ್ಮಾಳ್ ಹುಟ್ಟಿದ್ದು 1897ರ ನವೆಂಬರ್ 4ರಂದು, ಕೇರಳದ ತಲಶ್ಶೇರಿಯಲ್ಲಿ. ಮದ್ರಾಸಿನಲ್ಲಿ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ 1931ರಲ್ಲಿ ಸಸ್ಯವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. 1934ರಲ್ಲಿ ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಕೇಂದ್ರಕ್ಕೆ ತಳಿವಿಜ್ಞಾನಿಯಾಗಿ ಬಂದರು.

ಅಷ್ಟರಲ್ಲಿ ಆ ಕೇಂದ್ರದ ಮೊದಲ ಹೆಸರಾಂತ ತಳಿ ಸಿಒ 205 ಬಿಡುಗಡೆಯಾಗಿ 16 ವರ್ಷ ಕಳೆದಿತ್ತು. ಅದನ್ನು ರೂಪಿಸಿದವರು ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್. 1912ರಲ್ಲಿ ಅವರು ರಸದಾಳಿ ಜಾತಿಯ ದಪ್ಪ ಸಿಹಿ ಕಬ್ಬನ್ನು ಕಾಡುಕಬ್ಬಿನೊಂದಿಗೆ ಸಂಕರಗೊಳಿಸಿದಾಗ ಜಾನಕಿಯವರಿಗೆ ಕೇವಲ 15 ವರ್ಷ. ಇನ್ನು ಸಿಹಿ ಕಬ್ಬು, ಬೆಲ್ಲ ನಮ್ಮ ದೇಶದಲ್ಲಿ ಸಾವಿರಾರು ವರ್ಷಗಳಿಂದ ಇವೆ.

ಕಾಡುಕಬ್ಬು ಎಂದರೆ ಹೊಳೆದಂಡೆಯಲ್ಲಿ ಬಿಳಿ ತೆನೆ ಬಿಡುವ, ಸಂಸ್ಕೃತದಲ್ಲಿ ಕಾಶ ಎನ್ನುವ ಹುಲ್ಲು. ಕಿತ್ತರೂ ಬೇರಿನಿಂದ ಮತ್ತೆ ಚಿಗುರುವ ಬಹುವಾರ್ಷಿಕ ಸಸ್ಯ. ಅದರಲ್ಲಿ ಸಿಹಿ ತೀರಾ ಕಡಿಮೆ. ಅದು ಕೊಟ್ಟಿದ್ದು ಗಟ್ಟಿತನ: ಬರ ತಡೆಯುವ ಶಕ್ತಿ, ರೋಗ ನಿರೋಧಕತೆ, ಕಟಾವಿನ ನಂತರ ಕೂಳೆ ಚೆನ್ನಾಗಿ ಒಡೆಯುವ ಗುಣ. ಸಿಹಿ ಬಂದದ್ದು ರಸದಾಳಿ ಕಡೆಯಿಂದ.

ಹಾಗಾದರೆ ಜಾನಕಿ ಮಾಡಿದ್ದೇನು? ಸೂಕ್ಷ್ಮದರ್ಶಕದ ಕೆಳಗೆ ಈ ಹುಲ್ಲಿನ ಜೀವಕೋಶಗಳನ್ನಿಟ್ಟು ವರ್ಣತಂತುಗಳನ್ನು ಎಣಿಸಿದರು. ಮನುಷ್ಯರಲ್ಲಿ ವರ್ಣತಂತುಗಳು 46. ಕಾಡುಕಬ್ಬಿನಲ್ಲಿ ಒಂದೇ ಲೆಕ್ಕವಿಲ್ಲ: ಒಂದು ಊರಿನ ಗಿಡದಲ್ಲಿ 40 ಇದ್ದರೆ ಇನ್ನೊಂದೆಡೆ 128ರವರೆಗೂ ಇರುತ್ತದೆ. ಯಾವ ಗಿಡವನ್ನು ಯಾವುದರೊಂದಿಗೆ ಕೂಡಿಸಬಹುದು ಎಂದು ತಿಳಿಯಲು ಈ ಎಣಿಕೆಯೇ ಬುನಾದಿ. ಕಬ್ಬನ್ನು ಮೆಕ್ಕೆಜೋಳದೊಂದಿಗೆ ಸಂಕರ ಮಾಡಿದ ಅವರ ಪ್ರಯೋಗದ ವರದಿ 1938ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು.

ಗಂಡಸರೇ ತುಂಬಿದ್ದ ಕೇಂದ್ರದಲ್ಲಿ, ಹಿಂದುಳಿದದ್ದೆಂದು ಎಣಿಸಿದ್ದ ಸಮುದಾಯದಿಂದ ಬಂದ ಒಂಟಿ ಮಹಿಳೆಗೆ ದಾರಿ ಸುಲಭವಿರಲಿಲ್ಲ. ಮುಂದೆ ಇಂಗ್ಲೆಂಡಿಗೆ ಹೋದರು. 1945ರಲ್ಲಿ ಸಿ.ಡಿ. ಡಾರ್ಲಿಂಗ್ಟನ್ ಜೊತೆ ಬೆಳೆಗಳ ವರ್ಣತಂತು ಕೋಶವನ್ನು ಹೊರತಂದರು. 1951ರಲ್ಲಿ ನೆಹರೂ ಕರೆಗೆ ಓಗೊಟ್ಟು ಮರಳಿ, ಭಾರತೀಯ ಸಸ್ಯಶಾಸ್ತ್ರೀಯ ಸರ್ವೇಕ್ಷಣೆಯನ್ನು ಹೊಸದಾಗಿ ಕಟ್ಟುವ ಕೆಲಸಕ್ಕೆ ನಿಂತರು. ಇಳಿವಯಸ್ಸಿನಲ್ಲಿ ಸೈಲೆಂಟ್ ವ್ಯಾಲಿ ಕಾಡನ್ನು ಅಣೆಕಟ್ಟಿನಿಂದ ಉಳಿಸುವ ಹೋರಾಟಕ್ಕೂ ದನಿಗೂಡಿಸಿದರು. 1977ರಲ್ಲಿ ಪದ್ಮಶ್ರೀ ಬಂತು. 1984ರ ಫೆಬ್ರುವರಿ 7ರಂದು ನಿಧನರಾದರು.

ಆ ಎಣಿಕೆ ಇಂದಿಗೂ ಏಕೆ ಮುಖ್ಯ? ನಮ್ಮಲ್ಲಿ ಪ್ರತಿ ವರ್ಣತಂತುವಿಗೆ ಎರಡು ಪ್ರತಿ. ಇಂದಿನ ಕಬ್ಬಿನಲ್ಲಿ ಎಂಟರಿಂದ ಹನ್ನೆರಡು ಪ್ರತಿಗಳು, ಅದೂ ಎರಡು ಜಾತಿಗಳಿಂದ ಬೆರೆತವು. ಹೆಚ್ಚುಕಡಿಮೆ ಒಂದೇ ಚಿತ್ರದ ಹತ್ತು ಪಜಲ್‌ಗಳನ್ನು ಒಂದೇ ಚೀಲಕ್ಕೆ ಸುರಿದು ಬೇರೆ ಬೇರೆಯಾಗಿ ಜೋಡಿಸಿದಂತೆ ಈ ಕೆಲಸ. ಹಾಗಾಗಿಯೇ ಮನುಷ್ಯನ ಜೀನ್ ನಕ್ಷೆ 2003ರಲ್ಲೇ ಬಂದರೂ, ಕಾಡುಕಬ್ಬಿನದು ಸಿಕ್ಕಿದ್ದು 2018ರಲ್ಲಿ. ಬೇಸಾಯದ ಕಬ್ಬಾದ ಆರ್ 570 ತಳಿಯ ವಿವರವಾದ ನಕ್ಷೆ ಬರಲು 2024 ಆಗಬೇಕಾಯಿತು. ಅದರಲ್ಲಿರುವುದು ಸುಮಾರು 114 ವರ್ಣತಂತುಗಳು.

ಬೀಳಗಿ ತಾಲ್ಲೂಕಿನ ಅನಗವಾಡಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಭಾಗದ ರೈತರಿಗೆ ಸಿಒ 86032 ಪರಿಚಿತ ಹೆಸರು. ಸಿಒ ಎಂದರೆ ಕೊಯಮತ್ತೂರು. ಈಗಿನ ಕಬ್ಬಿನ ಜೀನ್‌ಗಳಲ್ಲಿ ಹತ್ತರಲ್ಲಿ ಒಂದರಿಂದ ಎರಡು ಪಾಲು ಕಾಡುಕಬ್ಬಿನದೇ. ಕೆಂಪು ಕೊಳೆ ರೋಗ, ನೀರಿನ ಕೊರತೆ ಎದುರಿಸುವ ಮುಂದಿನ ತಳಿಗೂ ವಿಜ್ಞಾನಿಗಳು ಹುಡುಕುವುದು ಅದೇ ಹುಲ್ಲಿನಲ್ಲಿ. ಹೊಳೆದಂಡೆಯ ಹುಲ್ಲೆಲ್ಲ ಅಳಿದರೆ ಆ ಬಂಡವಾಳವೂ ಹೋದಂತೆ.

ಇನ್ನು ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಕಬ್ಬಿನ ಸಿಹಿ ಹಳೆಯದು. ಮೊದಲ ಹೆಸರಾಂತ ಸಂಕರ ತಳಿ ಬಾರ್ಬರ್ ಮತ್ತು ವೆಂಕಟರಾಮನ್ ಅವರದು. ಆ ಸಂಕರದ ಒಳಗೇನಿದೆ ಎಂದು ಎಣಿಸಿ ತೋರಿಸಿದವರಲ್ಲಿ ಮುಂಚೂಣಿಯವರು ಜಾನಕಿ ಅಮ್ಮಾಳ್. ಅವರ ಹಿರಿಮೆಗೆ ಸುಳ್ಳಿನ ಹಂಗು ಬೇಕಿಲ್ಲ.