ಗೆಲೀನಾದ ಚರ್ಮದಂಗಡಿಯ ಗುಮಾಸ್ತ

ಅಮೆರಿಕದ ಇಲಿನಾಯ್ ರಾಜ್ಯದ ವಾಯವ್ಯ ಮೂಲೆಯಲ್ಲಿ, ಮಿಸಿಸಿಪ್ಪಿ ನದಿಗೆ ಅನತಿ ದೂರದಲ್ಲಿ ಗೆಲೀನಾ ಎಂಬ ಪುಟ್ಟ ಊರಿದೆ. ಅದು ಜೊ ಡೇವೀಸ್ ಕೌಂಟಿಯ ಆಡಳಿತ ಕೇಂದ್ರ. 2020ರ ಜನಗಣತಿಯಂತೆ ಅಲ್ಲಿನ ನಿವಾಸಿಗಳು 3,300ರಷ್ಟು ಮಾತ್ರ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸೀಸದ ಗಣಿಗಳಿಂದ ಮೆರೆದ ಈ ಊರಿಗೆ ಹೆಸರು ಬಂದಿರುವುದೂ ಸೀಸದ ಅದಿರಿನಿಂದಲೇ. ಗಣಿಗಳು ಬರಿದಾದವು, ಉಗಿದೋಣಿಗಳು ಬರುತ್ತಿದ್ದ ನದಿ ಹೂಳು ತುಂಬಿ ಬಡವಾಯಿತು. ಊರಿಗೆ ಉಳಿದದ್ದು ಇಟ್ಟಿಗೆಯ ಹಳೆಯ ಕಟ್ಟಡಗಳು ಮತ್ತು ಒಬ್ಬ ಮನುಷ್ಯನ ನೆನಪು.

ಆತ ಯುಲಿಸಿಸ್ ಎಸ್. ಗ್ರಾಂಟ್. ಅಮೆರಿಕದ ಅಂತರ್ಯುದ್ಧವನ್ನು ಗೆದ್ದ ಸೇನಾನಿ, ದೇಶದ ಹದಿನೆಂಟನೆಯ ಅಧ್ಯಕ್ಷ. ಆದರೆ 1860ರ ವಸಂತದಲ್ಲಿ ಹೆಂಡತಿ ಜೂಲಿಯಾ ಹಾಗೂ ನಾಲ್ವರು ಮಕ್ಕಳೊಂದಿಗೆ ಗೆಲೀನಾಕ್ಕೆ ಬಂದಿಳಿದಾಗ ಆತನನ್ನು ಯಾರೂ ಎದುರುಗೊಳ್ಳಲಿಲ್ಲ. ಎದುರುಗೊಳ್ಳಲು ಕಾರಣವೂ ಇರಲಿಲ್ಲ.

1822ರ ಏಪ್ರಿಲ್ 27ರಂದು ಒಹಾಯೊದಲ್ಲಿ ಜನಿಸಿದ ಗ್ರಾಂಟ್ ಚರ್ಮ ಹದಮಾಡುವವನ ಮಗ. ಹಸಿ ತೊಗಲಿನ ವಾಸನೆಯೆಂದರೆ ಬಾಲ್ಯದಿಂದಲೂ ಆಗದು. ವೆಸ್ಟ್ ಪಾಯಿಂಟ್ ಸೇನಾ ಶಾಲೆಯಿಂದ 1843ರಲ್ಲಿ ಹೊರಬಂದು ಮೆಕ್ಸಿಕೊ ಯುದ್ಧದಲ್ಲಿ ಧೈರ್ಯ ತೋರಿದ. ದೂರದ ಪಶ್ಚಿಮ ಕರಾವಳಿಯಲ್ಲಿ ಸಂಸಾರವನ್ನು ಅಗಲಿ ಕೊರಗುತ್ತಿದ್ದವನು ಕುಡಿತದ ಅಪವಾದದ ನೆರಳಿನಲ್ಲೇ 1854ರಲ್ಲಿ ಸೇನೆಗೆ ರಾಜೀನಾಮೆ ಕೊಟ್ಟ. ಸೇಂಟ್ ಲೂಯಿಸ್ ಬಳಿ ಕೃಷಿ ಕೈಗೆ ಹತ್ತಲಿಲ್ಲ. ಮಾಜಿ ಕ್ಯಾಪ್ಟನ್ ಪಟ್ಟಣದ ಬೀದಿಗಳಲ್ಲಿ ಸೌದೆ ಮಾರಿದ. 1857ರ ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು 22 ಡಾಲರಿಗೆ ಚಿನ್ನದ ಕೈಗಡಿಯಾರವನ್ನಲ್ಲ, ಜೇಬುಗಡಿಯಾರವನ್ನು ಅಡವಿಟ್ಟ.

ಆ ಕಷ್ಟದ ದಿನಗಳ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಮಾವನ ಕಡೆಯಿಂದ ಬಂದಿದ್ದ ವಿಲಿಯಂ ಜೋನ್ಸ್ ಎಂಬ ಗುಲಾಮ ಆತನ ಒಡೆತನದಲ್ಲಿದ್ದ. ಮಾರಿದ್ದರೆ ಸಾಲವೆಲ್ಲ ತೀರುವಷ್ಟು ಹಣ ಬರಬಹುದಿತ್ತು. 1859ರ ಮಾರ್ಚ್‌ನಲ್ಲಿ ಗ್ರಾಂಟ್ ನ್ಯಾಯಾಲಯಕ್ಕೆ ಹೋಗಿ ಅವನನ್ನು ಬಿಡುಗಡೆ ಮಾಡಿದ.

ಕೊನೆಗೆ ತಂದೆಯ ಮುಂದೆಯೇ ಕೈಯೊಡ್ಡಬೇಕಾಯಿತು. ಗೆಲೀನಾದ ಮುಖ್ಯ ಬೀದಿಯಲ್ಲಿ ತಂದೆಗೊಂದು ಚರ್ಮದ ಸರಕಿನ ಅಂಗಡಿಯಿತ್ತು. ನಡೆಸುತ್ತಿದ್ದವರು ತಮ್ಮಂದಿರಾದ ಸಿಂಪ್ಸನ್ ಮತ್ತು ಆರ್ವಿಲ್. ಮೂವತ್ತೆಂಟರ ಅಣ್ಣ ತಮ್ಮಂದಿರ ಅಂಗಡಿಯಲ್ಲಿ ಗುಮಾಸ್ತನಾದ. ಬೆಟ್ಟದ ಮೇಲೊಂದು ಬಾಡಿಗೆ ಮನೆ; ದಿನವೂ ಕಡಿದಾದ ಮೆಟ್ಟಿಲುಗಳನ್ನು ಇಳಿದು ಹತ್ತಬೇಕು. ವ್ಯಾಪಾರದ ಜಾಣ್ಮೆ ಆತನಿಗೆ ಎಂದೂ ಒಲಿಯಲಿಲ್ಲ.

ಅಲ್ಲಿ ದೊರೆತ ಗೆಳೆಯರಲ್ಲಿ ಈಲಿ ಪಾರ್ಕರ್ ವಿಶಿಷ್ಟ ವ್ಯಕ್ತಿ. ಸೆನೆಕಾ ಬುಡಕಟ್ಟಿನ ಪಾರ್ಕರ್ ಕಾನೂನು ಓದಿದ್ದರೂ, ಮೂಲನಿವಾಸಿಗಳು ನಾಗರಿಕರಲ್ಲವೆಂಬ ನೆಪದಿಂದ ವಕೀಲಿ ಮಾಡಲು ಅನುಮತಿ ದೊರೆತಿರಲಿಲ್ಲ. ಎಂಜಿನಿಯರ್ ಆಗಿ ಗೆಲೀನಾದ ಅಂಚೆ ಕಚೇರಿ ಹಾಗೂ ಸುಂಕದ ಕಟ್ಟೆಯ ಕಟ್ಟಡದ ಕೆಲಸ ನೋಡಿಕೊಳ್ಳಲು ಬಂದಿದ್ದ. ದೇಶ ದೂರವಿಟ್ಟ ಒಬ್ಬ, ಬದುಕಿನಲ್ಲಿ ಸೋತ ಇನ್ನೊಬ್ಬ. ಸ್ನೇಹ ಗಟ್ಟಿಯಾಗಿತ್ತು.

1861ರ ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿದ ಸುದ್ದಿ ತಲುಪಿದಾಗ ಗೆಲೀನಾದ ನ್ಯಾಯಾಲಯದ ಕಟ್ಟಡದಲ್ಲಿ ಸಭೆಗಳು ಸೇರಿದವು. ಸೇನೆಗೆ ಜನ ಸೇರಿಸುವ ಸಭೆಯ ಅಧ್ಯಕ್ಷತೆಗೆ ಯುದ್ಧ ಕಂಡವನೊಬ್ಬ ಬೇಕಾಗಿತ್ತು. ಮಾತು ಬಾರದ ಗುಮಾಸ್ತನನ್ನು ಮುಂದೆ ಕೂರಿಸಲಾಯಿತು. ಊರಿನ ತುಕಡಿಯ ನಾಯಕತ್ವವನ್ನು ಆತ ಒಪ್ಪಿಕೊಳ್ಳಲಿಲ್ಲ. ಹುಡುಗರಿಗೆ ಕವಾಯತು ಕಲಿಸಿದ, ಸಮವಸ್ತ್ರ ಹೊಲಿಯಲು ಕುಳಿತ ಹೆಂಗಸರಿಗೆ ಅದರ ವಿವರ ಹೇಳಿಕೊಟ್ಟ. ಕೆಲವೇ ದಿನಗಳಲ್ಲಿ ತುಕಡಿಯೊಡನೆ ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೆ ಹೊರಟ. ಗೆಲೀನಾದಲ್ಲಿ ಅವನಿದ್ದುದು ಒಂದು ವರ್ಷ, ಅಷ್ಟೇ.

ಮುಂದಿನದು ಜಗತ್ತಿಗೆ ಗೊತ್ತಿರುವ ಕಥೆ. ಊರಿನವನೇ ಆದ ಸಂಸದ ಎಲಿಹು ವಾಷ್‌ಬರ್ನ್‌ನ ಬೆಂಬಲ ಬೆನ್ನಿಗಿತ್ತು. ಡೊನೆಲ್ಸನ್, ಶೈಲೊ, ವಿಕ್ಸ್‌ಬರ್ಗ್ ಕಾಳಗಗಳನ್ನು ದಾಟಿ 1864ರಲ್ಲಿ ಸಮಗ್ರ ಸೇನೆಯ ನಾಯಕ. 1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸ್‌ನಲ್ಲಿ ಜನರಲ್ ಲೀ ಶರಣಾದಾಗ ಷರತ್ತುಗಳ ಅಂತಿಮ ಪ್ರತಿಯನ್ನು ಬರೆದ ಕೈ ಈಲಿ ಪಾರ್ಕರ್‌ನದು.

ಆ ವರ್ಷದ ಆಗಸ್ಟ್ 18ರಂದು ಗೆಲೀನಾ ಹಬ್ಬ ಮಾಡಿತು. ತಾನು ಮೇಯರ್ ಆದರೆ ನಿಲ್ದಾಣದ ತನಕ ಕಾಲುದಾರಿ ಹಾಕಿಸುವೆನೆಂದು ಗ್ರಾಂಟ್ ಹಿಂದೆ ತಮಾಷೆ ಮಾಡಿದ್ದನಂತೆ. ಕಾಲುದಾರಿ ಸಿದ್ಧವಾಗಿದೆಯೆಂದು ಸಾರುವ ಬರಹವನ್ನು ಸ್ವಾಗತ ಕಮಾನಿನ ಮೇಲೆ ಬರೆಸಿದ್ದರು. ಗುಡ್ಡದ ಮೇಲೆ ಸಜ್ಜುಗೊಳಿಸಿದ ಇಟ್ಟಿಗೆ ಮನೆಯೂ ಕಾಣಿಕೆಯಾಗಿ ಸಿಕ್ಕಿತು. 1868ರಲ್ಲಿ ಅಧ್ಯಕ್ಷನಾಗಿ ಆಯ್ಕೆಯಾದ ತಂತಿ ಸುದ್ದಿಯನ್ನು ಆತ ಕೇಳಿದ್ದು ಗೆಲೀನಾದಲ್ಲೇ, ವಾಷ್‌ಬರ್ನ್‌ನ ಮನೆಯಲ್ಲಿ.

ಅಧ್ಯಕ್ಷಗಿರಿಯ ಎಂಟು ವರ್ಷಗಳ ಕುರಿತು ಚರಿತ್ರಕಾರರ ತಕರಾರು ಇಂದಿಗೂ ಮುಗಿದಿಲ್ಲ. ಆಪ್ತರ ಭ್ರಷ್ಟಾಚಾರ ಹಗರಣಗಳು ಹೆಸರಿಗೆ ಮಸಿ ಬಳಿದವು. ಯುದ್ಧಕಾಲದಲ್ಲಿ, 1862ರಲ್ಲಿ, ತನ್ನ ವ್ಯಾಪ್ತಿಯ ಪ್ರದೇಶದಿಂದ ಯಹೂದ್ಯರನ್ನು ಹೊರಹಾಕುವ ಆಜ್ಞೆ ಹೊರಡಿಸಿ, ಲಿಂಕನ್ ಅದನ್ನು ರದ್ದುಪಡಿಸಬೇಕಾಗಿ ಬಂದುದೂ ನಿಜ. ಕು ಕ್ಲಕ್ಸ್ ಕ್ಲಾನ್‌ನ ಹಿಂಸೆಯ ವಿರುದ್ಧ 1871ರಲ್ಲಿ ಕಾನೂನಿನ ಬಲ ಪ್ರಯೋಗಿಸಿ ಕರಿಯರ ಮತದ ಹಕ್ಕನ್ನು ಕಾಯಲು ಹೆಣಗಿದ್ದೂ ಅಷ್ಟೇ ನಿಜ. ಈ ಎರಡನೆಯದನ್ನು ಇತಿಹಾಸ ಬಹುಕಾಲ ಬೇಕೆಂದೇ ಮರೆತಿತ್ತು.

ಅಧಿಕಾರ ಮುಗಿದ ಮೇಲೆ ವಿಶ್ವ ಪರ್ಯಟನೆ. 1879ರಲ್ಲಿ ಮುಂಬಯಿ, ಆಗ್ರಾ, ಕಲ್ಕತ್ತಾಗಳನ್ನೂ ಕಂಡು ಗೆಲೀನಾದ ಮನೆಗೆ ಮರಳಿದರೂ ಅಲ್ಲಿ ನೆಲೆ ನಿಲ್ಲಲಿಲ್ಲ. ನ್ಯೂಯಾರ್ಕ್‌ನಲ್ಲಿ ಪಾಲುದಾರನ ವಂಚನೆಯಿಂದ 1884ರಲ್ಲಿ ಪೂರ್ತಿ ದಿವಾಳಿ. ಗಂಟಲಿನ ಕ್ಯಾನ್ಸರ್ ಹಿಂಡುತ್ತಿದ್ದರೂ ಹೆಂಡತಿಯ ಜೀವನಕ್ಕೆಂದು ಆತ್ಮಕಥೆ ಬರೆಯತೊಡಗಿದ. ಬರವಣಿಗೆ ಮುಗಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ಕಣ್ಣುಮುಚ್ಚಿದ. ಮಾರ್ಕ್ ಟ್ವೈನ್‌ನ ಪ್ರಕಾಶನ ಹೊರತಂದ ಆ ಪುಸ್ತಕದಿಂದ ಜೂಲಿಯಾಗೆ ದೊರೆತದ್ದು ಸುಮಾರು ನಾಲ್ಕೂವರೆ ಲಕ್ಷ ಡಾಲರ್. ವ್ಯಾಪಾರದಲ್ಲಿ ಸದಾ ಸೋತವನ ಕಟ್ಟಕಡೆಯ ಗಳಿಕೆ!

ನ್ಯೂಯಾರ್ಕ್ 1897ರಲ್ಲಿ ಭವ್ಯ ಸಮಾಧಿ ಮಂದಿರವನ್ನು ಉದ್ಘಾಟಿಸಿತು. ಅದಕ್ಕಿಂತ ಆರು ವರ್ಷ ಮೊದಲೇ, 1891ರಲ್ಲಿ, ಗೆಲೀನಾದ ಉದ್ಯಾನದಲ್ಲಿ ಶಿಲ್ಪಿ ಯೊಹಾನೆಸ್ ಗೆಲರ್ಟ್‌ನ ಪ್ರತಿಮೆ ಎದ್ದು ನಿಂತಿತ್ತು. ಅದರಲ್ಲಿ ಕುದುರೆಯಿಲ್ಲ, ಎತ್ತಿದ ಖಡ್ಗವಿಲ್ಲ. ಗ್ರಾಂಟ್ ತಮ್ಮೂರಿನ ನಾಗರಿಕನೆಂದಷ್ಟೇ ಪೀಠದ ಬರಹ ಹೇಳುತ್ತದೆ. ಕಾಣಿಕೆಯ ಮನೆಯನ್ನು ಮಕ್ಕಳು 1904ರಲ್ಲಿ ಊರಿಗೊಪ್ಪಿಸಿದರು. ಬಳಿಕ ಅದು ರಾಜ್ಯದ ಸ್ಮಾರಕವಾಯಿತು. 2006ರಲ್ಲಿ ಅಲ್ಲಿ ಜೂಲಿಯಾಳ ಪ್ರತಿಮೆಯೂ ನಿಂತಿತು. ಗುಮಾಸ್ತನಾಗಿದ್ದಾಗ ಗ್ರಾಂಟ್ ದಿನವೂ ಮೆಟ್ಟಿಲು ಹತ್ತಿ ಸೇರುತ್ತಿದ್ದ ಬಾಡಿಗೆ ಮನೆ ನದಿಯ ಆಚೆ ದಡದ ಬೆಟ್ಟದ ಮೇಲಿದೆ.