ತಲೆಬುರುಡೆ ತೆರೆಯದೆ ಮಿದುಳನ್ನು ತೋರಿಸಿದ ಹೌನ್ಸ್‌ಫೀಲ್ಡ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಕೈಗೆ ಕಬ್ಬಿಣ ಕೊಡುವ, ಈರುಳ್ಳಿ ಮೂಸಿಸುವ ರೂಢಿ ಪೂರ್ತಿ ಅಳಿದಿಲ್ಲ. ಅದೇ ರೋಗಿಯನ್ನು ದಾವಣಗೆರೆಗೆ ಕರೆತಂದರೆ ವೈದ್ಯರು ಇಇಜಿಯೊಡನೆ ತಲೆಯ ಸ್ಕ್ಯಾನ್ ಮಾಡಿಸುವಂತೆ ಸೂಚಿಸುವುದುಂಟು. ಈ ಸಿ.ಟಿ. ಸ್ಕ್ಯಾನ್ ಯಂತ್ರವನ್ನು ರೂಪಿಸಿದವರು ವೈದ್ಯರಲ್ಲ. ವಿಶ್ವವಿದ್ಯಾಲಯದ ಪದವಿಯನ್ನೂ ಪಡೆಯದ ರೈತನ ಮಗ, ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್.

ನಾಟಿಂಗ್‌ಹ್ಯಾಮ್‌ಷೈರ್‌ನ ನ್ಯೂವಾರ್ಕ್‌ನಲ್ಲಿ 1919ರ ಆಗಸ್ಟ್ 28ರಂದು ಜನಿಸಿದ ಅವರು ಐವರು ಮಕ್ಕಳಲ್ಲಿ ಕಿರಿಯರು. ಹೊಲದ ಯಂತ್ರಗಳೇ ಅವರ ಬಾಲ್ಯದ ಆಟಿಕೆಗಳು. ತಾವೇ ಕಟ್ಟಿದ ಗ್ಲೈಡರ್ ಹಿಡಿದು ಹುಲ್ಲಿನ ಬಣವೆಯ ಮೇಲಿಂದ ಹಾರಿದ ಸಾಹಸಿ ಅವರು. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆ ಸೇರಿ ರೇಡಾರ್ ವಿದ್ಯೆ ಕಲಿತರು, ಕಲಿಸಿದರು. ಬಳಿಕ ಲಂಡನ್ನಿನ ಫ್ಯಾರಡೆ ಹೌಸ್‌ನಲ್ಲಿ ಡಿಪ್ಲೊಮಾ ಪಡೆದು ಇಎಂಐ ಕಂಪನಿ ಸೇರಿದರು.

ಅವರು ಹುಟ್ಟಿದ ವರ್ಷವೇ ಅಮೆರಿಕದ ವಾಲ್ಟರ್ ಡ್ಯಾಂಡಿ ಮಿದುಳನ್ನು ಪರೀಕ್ಷಿಸುವ ವಿಧಾನವೊಂದನ್ನು ಪ್ರಕಟಿಸಿದ್ದರು. ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು, ಗಾಳಿ ತುಂಬಿ ಎಕ್ಸ್-ರೇ ಹಿಡಿಯುವ ಆ ಕ್ರಮ ರೋಗಿಗೆ ತೀವ್ರ ತಲೆನೋವು, ವಾಂತಿ ತರುತ್ತಿತ್ತು. ಮೂರ್ಛೆರೋಗಿಗಳೂ ಐದು ದಶಕ ಈ ಯಾತನೆ ಅನುಭವಿಸಿದರು. ಅಷ್ಟಾದರೂ ಮಿದುಳಿನ ಅಂಗಾಂಶ ನೇರವಾಗಿ ಕಾಣುತ್ತಿರಲಿಲ್ಲ.

1967ರಲ್ಲಿ ಹೌನ್ಸ್‌ಫೀಲ್ಡರಿಗೆ ಹೊಸ ವಿಚಾರ ಹೊಳೆಯಿತು. ವಸ್ತುವಿನ ಮೂಲಕ ನಾನಾ ಕೋನಗಳಿಂದ ಕಿರಣ ಹಾಯಿಸಿ, ಪ್ರತಿ ಬಾರಿಯೂ ಎಷ್ಟು ಕಿರಣ ಹೀರಲ್ಪಟ್ಟಿತೆಂದು ಅಳೆದರೆ, ಒಳಗಿನ ಚಿತ್ರವನ್ನು ಗಣಕಯಂತ್ರ ಕಟ್ಟಿಕೊಡಬಲ್ಲದು ಎಂಬುದೇ ಆ ವಿಚಾರ. ಹಳೆಯ ಲೇತ್ ಯಂತ್ರದ ಮೇಲೆ ನಡೆದ ಮೊದಲ ಪ್ರಯೋಗಕ್ಕೆ ಒಂಬತ್ತು ದಿನ ಹಿಡಿಯಿತು. ಬಳಿಕ ದನದ ಮಿದುಳನ್ನು ಚೀಲದಲ್ಲಿಟ್ಟುಕೊಂಡು ಲಂಡನ್ನಿನಲ್ಲಿ ಓಡಾಡಿ ಪ್ರಯೋಗ ಮುಂದುವರಿಸಿದರು.

1971ರ ಅಕ್ಟೋಬರ್ 1ರಂದು ವಿಂಬಲ್ಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ವೈದ್ಯ ಜೇಮ್ಸ್ ಆಂಬ್ರೋಸ್ ಅವರೊಡನೆ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಲಾಯಿತು. ಆ ಮಹಿಳೆಯ ಮಿದುಳಿನ ಮುಂಭಾಗದಲ್ಲಿದ್ದ ಗಡ್ಡೆ ಸ್ಪಷ್ಟವಾಗಿ ಕಾಣಿಸಿತು. 1979ರಲ್ಲಿ ಅಲನ್ ಕಾರ್ಮ್ಯಾಕ್ ಅವರೊಡನೆ ನೊಬೆಲ್ ಪ್ರಶಸ್ತಿ, 1981ರಲ್ಲಿ ಸರ್ ಪದವಿ ಅವರಿಗೆ ಒಲಿದವು.

ಭಾರತದ ಮೂರ್ಛೆರೋಗಿಗಳಿಗೆ ಈ ಯಂತ್ರ ಮತ್ತೊಂದು ಗುಟ್ಟು ಬಿಚ್ಚಿಟ್ಟಿತು. ಅನೇಕರ ಮಿದುಳಿನಲ್ಲಿ ಉಂಗುರದಂಥ ಪುಟ್ಟ ಕಲೆ ಕಂಡಿತು. ಮೊದಲಿಗೆ ಅದನ್ನು ಕ್ಷಯದ ಗಂಟೆಂದು ಭಾವಿಸಿ ಔಷಧ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಅಧ್ಯಯನಗಳು ಅವುಗಳಲ್ಲಿ ಹೆಚ್ಚಿನವು ಲಾಡಿಹುಳುವಿನ ಮರಿಕೋಶಗಳೆಂದೂ ಹಲವು ತಾವಾಗಿಯೇ ಕರಗುತ್ತವೆಂದೂ ತೋರಿಸಿದವು. ಅನಗತ್ಯ ಚಿಕಿತ್ಸೆ ತಪ್ಪಿತು.

ಆದರೆ ಸ್ಕ್ಯಾನ್ ಸರಿಯಿದ್ದ ಮಾತ್ರಕ್ಕೆ ಮೂರ್ಛೆರೋಗವಿಲ್ಲವೆಂದಲ್ಲ. ಸೂಕ್ಷ್ಮ ದೋಷಗಳನ್ನು ಎಂಆರ್‌ಐ ಹೆಚ್ಚು ಚೆನ್ನಾಗಿ ಗುರುತಿಸುತ್ತದೆ. ರೋಗ ನಿರ್ಣಯದಲ್ಲಿ ಕಣ್ಣಾರೆ ಕಂಡವರ ವಿವರಣೆಯೇ ಇಂದಿಗೂ ಮುಖ್ಯ.

ಅವಿವಾಹಿತರಾಗಿ, ಸರಳವಾಗಿ ಬದುಕಿದ ಹೌನ್ಸ್‌ಫೀಲ್ಡ್ 2004ರ ಆಗಸ್ಟ್ 12ರಂದು ನಿಧನರಾದರು. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000 ಎಂದು ಸ್ಕ್ಯಾನ್‌ನಲ್ಲಿ ಸಾಂದ್ರತೆ ಅಳೆಯುವ ಮಾನಕ್ಕೆ ಇಂದಿಗೂ ಅವರದೇ ಹೆಸರು. ಹಳ್ಳಿಯ ಕೂಸಿನ ಫಿಟ್ಸ್‌ಗೆ ದೆವ್ವವಲ್ಲ, ಮಿದುಳಿನ ಒಂದು ಚುಕ್ಕೆ ಕಾರಣವೆಂದು ತಾಯಿಗೆ ತೋರಿಸಿಕೊಡುವ ಪ್ರತಿ ಚಿತ್ರದಲ್ಲೂ ಆ ರೈತನ ಮಗನ ದುಡಿಮೆಯಿದೆ.